ನಾನು ಸಹಿ ಹಾಕಿದ ಗುಜರಿ ಚೀಟಿ

ನಿಮ್ಮ ಊರಿನ ಹಳೆಯ ಮಸೀದಿಯಲ್ಲೋ, ಅಜ್ಜನ ಕಾಲದ ಮನೆಯಲ್ಲೋ, ಪೇಟೆಬೀದಿಯ ಯಾವುದೋ ಮಹಡಿಯಲ್ಲೋ ಹೂವು, ಎಲೆ, ಬಳ್ಳಿಗಳ ಚಿತ್ತಾರವಿರುವ ಕಬ್ಬಿಣದ ರೇಲಿಂಗನ್ನು ನೀವು ನೋಡಿರಬಹುದು. ದಪ್ಪ ಬಣ್ಣ ಮೆತ್ತಿಕೊಂಡಿರುತ್ತದೆ. ಅಲ್ಲಲ್ಲಿ ತುಕ್ಕು ಇಣುಕುತ್ತಿರುತ್ತದೆ. ಮಕ್ಕಳು ಅದರ ಸಂದಿಯಲ್ಲಿ ಕಾಲು ತೂರಿಸಿ ಕುಳಿತಿರುತ್ತಾರೆ. ಅದು ಎಲ್ಲಿಂದ ಬಂತು, ಯಾರು ತಂದರು ಎಂದು ನಾವು ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಅಂತಹದೊಂದು ರೇಲಿಂಗನ್ನು ಗುಜರಿಗೆ ಹಾಕಿದಾಗ ಚೀಟಿಗೆ ಸಹಿ ಮಾಡಿದವನು ನಾನೇ. ಇಷ್ಟು ವರ್ಷ ಈ ವಿಷಯ ಬರೆಯಬೇಕು ಎಂದುಕೊಂಡು ಮುಂದೂಡುತ್ತಾ ಬಂದಿದ್ದೆ.

ನಾನು ಮಕ್ಕಳಿಗೆ ಪಾಠ ಹೇಳುವ ಮದ್ರಸ ಮೈಸೂರಿನ ಹಳೆಯ ಮೊಹಲ್ಲಾವೊಂದರಲ್ಲಿ ಎರಡಂತಸ್ತಿನ ಕಟ್ಟಡದಲ್ಲಿದೆ. ಚರ್ಮದ ವ್ಯಾಪಾರಿಯೊಬ್ಬರು ತಮ್ಮ ಮನೆಯನ್ನೇ ವಕ್ಫ್ ಮಾಡಿದ್ದರಂತೆ. ಕೆಳಗೆ ಮೂರು ಅಂಗಡಿಗಳು, ಅವುಗಳ ಬಾಡಿಗೆ ಮಸೀದಿ ಮತ್ತು ಮದ್ರಸದ ಖರ್ಚಿಗೆ. ಮೇಲೆ ನಮ್ಮ ತರಗತಿ. ಬೀದಿಗೆ ಮುಖ ಮಾಡಿದ ಜಗಲಿಯಲ್ಲಿ ನಾಲ್ಕು ಕಬ್ಬಿಣದ ಕಂಬಗಳಿವೆ, ಒಂದೊಂದರ ತಲೆಯ ಎರಡೂ ಬದಿಗೆ ಬಳ್ಳಿ ಬಾಗಿದಂತಹ ಬ್ರಾಕೆಟ್‌ಗಳು. ಮಹಡಿಯ ಬಾಲ್ಕನಿಗೆ ಹದಿನಾರು ತುಂಡುಗಳ ರೇಲಿಂಗ್ ಇತ್ತು. ಪ್ರತಿ ತುಂಡಿನ ನಡುವೆ ಎಂಟು ಎಸಳಿನ ಒಂದು ಹೂವು. ಅಲಿಫ್, ಬಾ ಕಲಿಯಲು ಬಂದ ಚಿಕ್ಕ ಮಕ್ಕಳಿಗೆ ನಾನು ಆ ಎಸಳುಗಳನ್ನೇ ತೋರಿಸಿ ಎಣಿಕೆ ಕಲಿಸುತ್ತಿದ್ದೆ.

2012ರ ಆಗಸ್ಟ್‌ನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ನಿಮಗೆ ನೆನಪಿರಬಹುದು. ಊರಿಗೆ ಊರೇ ಹೆದರಿತು. ಹಳೆಯ ಕಟ್ಟಡದ ಕೆಳಗೆ ನಡೆಯುವಾಗ ಜನ ತಲೆಯೆತ್ತಿ ನೋಡತೊಡಗಿದರು. ಮುಂದಿನ ತಿಂಗಳು ನಮ್ಮ ಕಮಿಟಿಯ ಸಭೆ ಸೇರಿತು. ಕರೆತಂದಿದ್ದ ಕಂಟ್ರಾಕ್ಟರ್ ಮಹಡಿ ಹತ್ತಿ ರೇಲಿಂಗನ್ನು ಹಿಡಿದು ಅಲ್ಲಾಡಿಸಿದ. ಅದು ಅಲ್ಲಾಡಿತು. ಅಷ್ಟು ಸಾಕಾಯಿತು. ಮಕ್ಕಳಿರುವ ಜಾಗ, ನಾಳೆ ಏನಾದರೂ ಆದರೆ ಅಲ್ಲಾಹನ ಮುಂದೆ ಏನು ಉತ್ತರ ಕೊಡುವುದು ಎಂದು ಮುತವಲ್ಲಿ ಹಾಜಿ ಸಾಬ್ ಕೇಳಿದರು. ಆ ಪ್ರಶ್ನೆಗೆ ಎದುರು ಮಾತು ಯಾರಲ್ಲಿತ್ತು?

ಒಬ್ಬರಲ್ಲಿ ಇತ್ತು. ಎರಡು ವರ್ಷಕ್ಕೊಮ್ಮೆ ರಮಝಾನಿಗೆ ಮುಂಚೆ ಆ ರೇಲಿಂಗಿಗೆ ಬಣ್ಣ ಹಚ್ಚುತ್ತಿದ್ದ ಪೇಂಟರ್ ಚಾಚಾ ಬಾಗಿಲ ಬಳಿ ನಿಂತಿದ್ದರು. "ಕಬ್ಬಿಣ ಗಟ್ಟಿಯಾಗಿದೆ ಹಾಜಿ ಸಾಬ್, ಕೆಟ್ಟಿರುವುದು ಅದರ ಬುಡ. ಟೈಲ್ಸ್ ಹಾಕಿಸಿದಾಗ ಸಿಮೆಂಟು ಮೆತ್ತಿದರಲ್ಲ, ಅಂದಿನಿಂದ ನೀರು ನಿಲ್ಲುತ್ತಿದೆ" ಎಂದರು. ಅವರ ಮಾತನ್ನು ನಡಾವಳಿ ಪುಸ್ತಕದಲ್ಲಿ ಯಾರೂ ಬರೆದುಕೊಳ್ಳಲಿಲ್ಲ. ಬರೆಯುವವನು ನಾನೇ ಆಗಿದ್ದೆ. ಬಣ್ಣ ಹಚ್ಚುವ ಮುದುಕರಿಗೆ ಇಂಜಿನಿಯರಿಂಗ್ ಏನು ಗೊತ್ತು ಎಂದು ಆಗ ನನಗೂ ಅನಿಸಿತ್ತು.

ಎರಡೇ ದಿನದಲ್ಲಿ ಕೆಲಸ ಮುಗಿಯಿತು. ಬಿಚ್ಚಿದ ತುಂಡುಗಳಲ್ಲಿ ಕೆಲವನ್ನು ಗಾಡಿಗೆ ಹೇರಲು ಸುಲಭವಾಗಲಿ ಎಂದು ಬೀದಿಯಲ್ಲೇ ಸುತ್ತಿಗೆಯಿಂದ ಹೊಡೆದರು. ಮಣ್ಣಿನ ಮಡಕೆ ಒಡೆದಂತೆ ಒಡೆದವು. ಅಷ್ಟು ಭಾರದ ಕಬ್ಬಿಣ ಹಾಗೆ ಒಡೆಯುವುದನ್ನು ಕಂಡು ಮಕ್ಕಳು ಕೂಗಿಕೊಂಡರು. ತೂಕ 412 ಕಿಲೋ. ಕಿಲೋಗೆ 20 ರೂಪಾಯಿಯಂತೆ 8,240 ರೂಪಾಯಿ. ಕಮಿಟಿಯ ಪರವಾಗಿ ಸಹಿ ನನ್ನದು. ಆ ಜಾಗಕ್ಕೆ ಹಾಕಿಸಿದ ಹೊಳೆಯುವ ಸ್ಟೀಲ್ ಪೈಪಿನ ರೇಲಿಂಗಿಗೆ 46,000 ರೂಪಾಯಿ ಖರ್ಚಾಯಿತು. ಅದರಲ್ಲಿ ಎಣಿಸಲು ಏನೂ ಇಲ್ಲ.

2015ರ ಆರಂಭದಲ್ಲಿ ಮಕ್ಕಳನ್ನು ಕರೆದುಕೊಂಡು ಅರಮನೆ ನೋಡಲು ಹೋದೆವು. ಮೈಸೂರಿನವರು ಅರಮನೆಯೊಳಗೆ ಹೋಗುವುದು ನೆಂಟರು ಬಂದಾಗ ಮಾತ್ರ, ಹಾಗಾಗಿ ನಾನೂ ಅದನ್ನು ಸರಿಯಾಗಿ ನೋಡಿರಲಿಲ್ಲ. ಕಲ್ಯಾಣ ಮಂಟಪಕ್ಕೆ ಬಂದೆವು. ಎಂಟು ಮೂಲೆಯ ಹಜಾರ, ತಲೆಯ ಮೇಲೆ ನವಿಲಿನ ಚಿತ್ತಾರದ ಬಣ್ಣದ ಗಾಜಿನ ಮಾಡು, ಅದನ್ನು ಹೊತ್ತು ನಿಂತ ತೆಳುವಾದ ಎರಕದ ಕಬ್ಬಿಣದ ಕಂಬಗಳು. ಆ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವಾಲ್ಟರ್ ಮ್ಯಾಕ್‌ಫರ್ಲೇನ್ ಎಂಬವರ ಸ್ಯಾರಸೆನ್ ಫೌಂಡ್ರಿಯಲ್ಲಿ ತಯಾರಾಗಿ ಹಡಗಿನಲ್ಲಿ ಬಂದವು ಎಂಬುದು ಅಲ್ಲಿ ನನಗೆ ತಿಳಿಯಿತು. ನಾನು ನಿಂತಲ್ಲೇ ನಿಂತೆ. ಗ್ಲಾಸ್ಗೋ ಎಂಬ ಆ ಅಕ್ಷರಗಳನ್ನು ನಾನು ಬೇರೆಲ್ಲೋ ಓದಿದ್ದೆ. ಮರಳಿ ಬಂದವನೇ ನಮ್ಮ ಜಗಲಿಯ ಕಂಬದ ಬುಡದಲ್ಲಿ ಕುಳಿತು ಬಣ್ಣ ಕೆರೆದೆ. ಉಬ್ಬಿದ ಅಕ್ಷರಗಳು ಒಂದೊಂದಾಗಿ ಎದ್ದವು. ಮ್ಯಾಕ್‌ಫರ್ಲೇನ್. ಗ್ಲಾಸ್ಗೋ. ಹನ್ನೆರಡು ವರ್ಷ ಆ ಕಂಬಕ್ಕೆ ಬೆನ್ನು ಕೊಟ್ಟು ಕುಳಿತಿದ್ದವನು ನಾನು.

ಸ್ಯಾರಸೆನ್ ಎಂಬ ಪದ ನಿಮಗೆ ವಿಚಿತ್ರವೆನಿಸಬಹುದು. ಬಿ.ಎ.ಯಲ್ಲಿ ಇತಿಹಾಸ ಓದಿದ್ದ ನನಗೆ ಅದು ಪರಿಚಿತ. ಶಿಲುಬೆ ಯುದ್ಧಗಳ ಕಾಲದಲ್ಲಿ ಯುರೋಪಿನವರು ಅರಬರನ್ನು, ಒಟ್ಟಾರೆ ಮುಸ್ಲಿಮರನ್ನು ಕರೆಯುತ್ತಿದ್ದ ಹೆಸರು ಅದು. ಹಾಗಾದರೆ ಆ ಕಾರ್ಖಾನೆಗೂ ನಮಗೂ ಏನಾದರೂ ಸಂಬಂಧವಿದೆಯೇ? ಇಲ್ಲ. 1850ರಲ್ಲಿ ಅದು ಶುರುವಾದದ್ದು ಗ್ಲಾಸ್ಗೋದ ಸ್ಯಾರಸೆನ್ ಓಣಿಯಲ್ಲಿ. ಹೆಸರು ಓಣಿಯದು. ಇದರಲ್ಲಿ ಹೆಮ್ಮೆಪಡಲು ಏನೂ ಇಲ್ಲ, ನೊಂದುಕೊಳ್ಳಲೂ ಇಲ್ಲ. ಆದರೂ ನಮ್ಮನ್ನು ದೂರದಿಂದ ಕರೆಯುತ್ತಿದ್ದ ಹೆಸರಿನ ಓಣಿಯಲ್ಲಿ ಹುಟ್ಟಿದ ಕಾರ್ಖಾನೆಯ ಕಂಬಕ್ಕೆ ಒರಗಿ ನಮ್ಮ ಮಕ್ಕಳು ಕುರ್‌ಆನ್ ಕಲಿಯುತ್ತಿದ್ದಾರೆ ಎಂದು ನೆನೆದಾಗ ನಗು ಬರುತ್ತದೆ.

ಆ ಫೌಂಡ್ರಿ ಆ ಕಾಲದಲ್ಲಿ ಸಣ್ಣದಾಗಿರಲಿಲ್ಲ. ಕಂಬ, ಬ್ರಾಕೆಟ್, ರೇಲಿಂಗ್, ನೀರಿನ ಕಾರಂಜಿ, ಬ್ಯಾಂಡ್‌ಸ್ಟ್ಯಾಂಡ್ ಎಲ್ಲವನ್ನೂ ಸಂಖ್ಯೆ ಹಾಕಿ ಕ್ಯಾಟಲಾಗಿನಲ್ಲಿ ಅಚ್ಚು ಹಾಕಿಸಿ ದೇಶದೇಶಗಳಿಗೆ ಕಳುಹಿಸುತ್ತಿತ್ತು. ಬೇಕಾದ ಸಂಖ್ಯೆಗಳನ್ನು ಬರೆದು ಕಳುಹಿಸಿದರೆ ತುಂಡುಗಳು ಹಡಗಿನಲ್ಲಿ ಬರುತ್ತಿದ್ದವು. ಇಲ್ಲಿ ಬೋಲ್ಟ್ ಹಾಕಿ ಜೋಡಿಸಿದರಾಯಿತು. ನಮ್ಮ ಅರಮನೆಗೆ ಕಬ್ಬಿಣ ಬೇಕಾದುದಕ್ಕೆ ಒಂದು ಕಾರಣವೂ ಇತ್ತು. 1897ರಲ್ಲಿ ಮದುವೆಯ ಸಂಭ್ರಮದ ನಡುವೆಯೇ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ 1912ರ ಹೊತ್ತಿಗೆ ಮುಗಿದ ಹೊಸ ಅರಮನೆಯಲ್ಲಿ ಬೆಂಕಿಗೆ ಹೆದರಿ ಕಲ್ಲು, ಇಟ್ಟಿಗೆ, ಕಬ್ಬಿಣಗಳನ್ನೇ ನೆಚ್ಚಿಕೊಂಡರು.

ಬೆಂಗಳೂರಿನ ಲಾಲ್‌ಬಾಗ್ ನೋಡದ ಓದುಗರು ಕಡಿಮೆ. ಹೈದರಲಿ ಶುರುಮಾಡಿದ ತೋಟ, ಟಿಪ್ಪು ಬೆಳೆಸಿದ ತೋಟ ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ಅದರ ನಡುವಿನ ಗಾಜಿನ ಮನೆಗೆ 1889ರ ನವೆಂಬರ್ 30ರಂದು ಅಡಿಗಲ್ಲು ಬಿತ್ತು. ಅದರ ಕಬ್ಬಿಣವೂ ಇದೇ ಗ್ಲಾಸ್ಗೋ ಫೌಂಡ್ರಿಯದು. ಮುಂದೆ 1935ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಅದರ ಪೂರ್ವದ ಭಾಗವನ್ನು ವಿಸ್ತರಿಸಿದರು. ಆಗ ಬಳಸಿದ್ದು ನಮ್ಮ ಭದ್ರಾವತಿಯ ಕಬ್ಬಿಣ. ಹೊರಗಿನಿಂದ ಬಂದದ್ದು ಎಂದು ಅದನ್ನು ಕಿತ್ತೊಗೆಯಲಿಲ್ಲ, ನಮ್ಮದನ್ನು ಅದಕ್ಕೆ ಜೋಡಿಸಿದರು. ಮುಂದಿನ ಸಲ ಹೂವಿನ ಪ್ರದರ್ಶನಕ್ಕೆ ಹೋದಾಗ ಗುಲಾಬಿಗಳ ಮೇಲಿಂದ ಕಣ್ಣೆತ್ತಿ ಒಮ್ಮೆ ಆ ಕಂಬಗಳನ್ನೂ ನೋಡಿ.

ಬಣ್ಣ ಕೆರೆದ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಲೆಬಾಳುವ ವಸ್ತು ಕಳೆದುಹೋಯಿತು ಎಂಬ ದುಃಖಕ್ಕಿಂತ ಬೇರೊಂದು ವಿಷಯ ಕೊರೆಯುತ್ತಿತ್ತು. ಮದ್ರಸದಲ್ಲಿ ನಾವು ಹನಫಿ ಕರ್ಮಶಾಸ್ತ್ರದ 'ಹಿದಾಯ' ಗ್ರಂಥವನ್ನು ಓದುತ್ತೇವೆ. ಅದರಲ್ಲಿ ವಕ್ಫ್‌ನ ಅಧ್ಯಾಯವಿದೆ. ವಕ್ಫ್ ಕಟ್ಟಡದಿಂದ ಕಳಚಿದ ಸಾಮಗ್ರಿಯನ್ನು ಏನು ಮಾಡಬೇಕು ಎಂಬ ಬಗ್ಗೆ ಅಲ್ಲಿ ಸ್ಪಷ್ಟ ವಿಧಿಯಿದೆ. ಅಗತ್ಯವಿದ್ದರೆ ಅದೇ ಕಟ್ಟಡದ ದುರಸ್ತಿಗೆ ಬಳಸಬೇಕು. ಈಗ ಅಗತ್ಯವಿಲ್ಲದಿದ್ದರೆ ಅಗತ್ಯ ಬರುವ ತನಕ ಕಾಪಾಡಿ ಇಡಬೇಕು. ಮರಳಿ ಅದೇ ಜಾಗಕ್ಕೆ ಸೇರಿಸಲು ಸಾಧ್ಯವೇ ಇಲ್ಲದಾಗ ಮಾತ್ರ ಮಾರಿ, ಆ ಹಣವನ್ನು ಅದರ ದುರಸ್ತಿಗೇ ಹಾಕಬೇಕು. ಈ ಪಾಠವನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಚೆನ್ನಾಗಿ ಅಂಕವನ್ನೂ ಪಡೆದಿದ್ದೆ. ಆದರೆ ಸಭೆಯಲ್ಲಿ ಪೆನ್ನು ಹಿಡಿದು ಕುಳಿತಾಗ ಅದು ನೆನಪಿಗೇ ಬರಲಿಲ್ಲ. ಕಬ್ಬಿಣದ ರೇಲಿಂಗೂ ಅದರಲ್ಲಿ ಬರುತ್ತದೆ ಎಂದು ಹೊಳೆಯಲಿಲ್ಲ. ವಕ್ಫ್ ಎಂದರೆ ಜಮೀನು, ಗೋಡೆ, ಬಾಡಿಗೆ ಅಷ್ಟೇ ಎಂದುಕೊಂಡಿದ್ದೆ. ನಿಮ್ಮ ಮೊಹಲ್ಲಾದ ಕಮಿಟಿಯಲ್ಲಿ ನೀವಿದ್ದರೆ ದಯವಿಟ್ಟು ಈ ಒಂದು ಪ್ಯಾರಾವನ್ನಾದರೂ ನಿಮ್ಮ ಮುತವಲ್ಲಿಗೆ ಓದಿ ಹೇಳಿ.

ಪೇಂಟರ್ ಚಾಚಾರನ್ನು ಹುಡುಕಿಕೊಂಡು ಹೋದೆ. ಅವರು ಬೇಸರವಿಟ್ಟುಕೊಂಡಿರಲಿಲ್ಲ. ಚಹಾ ಕುಡಿಸಿ ಎಲ್ಲವನ್ನೂ ವಿವರಿಸಿದರು. ಅವರು ಹೇಳಿದ್ದನ್ನೂ ನಂತರ ನಾನು ಓದಿ, ಕೇಳಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತೇನೆ, ನಿಮ್ಮಲ್ಲಿ ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ಕಮ್ಮಾರ ಕಾಯಿಸಿ ತಟ್ಟುವ ಕಬ್ಬಿಣ ಬೇರೆ, ಕರಗಿಸಿ ಮರಳಿನ ಅಚ್ಚಿಗೆ ಹೊಯ್ಯುವ ಕಬ್ಬಿಣ ಬೇರೆ. ಎರಡನೆಯದನ್ನು ಗುಜರಿಯವರು ಬೀಡು ಎನ್ನುತ್ತಾರೆ. ಅದರಲ್ಲಿ ಇಂಗಾಲದ ಅಂಶ ಹೆಚ್ಚು. ಭಾರ ಹೊರುವುದರಲ್ಲಿ ಅದು ಗಟ್ಟಿಗ, ಆದರೆ ಬಾಗುವುದಿಲ್ಲ, ಪೆಟ್ಟು ಬಿದ್ದರೆ ಒಡೆಯುತ್ತದೆ. ಬೀದಿಯಲ್ಲಿ ಮಕ್ಕಳು ನೋಡಿದ್ದು ಅದನ್ನೇ. ಬಿರುಕು ಬಿಟ್ಟರೆ ಸಾಮಾನ್ಯ ವೆಲ್ಡಿಂಗ್ ಅದಕ್ಕೆ ಒಗ್ಗುವುದಿಲ್ಲ. ಮೊದಲು ಕಾಯಿಸಿ, ಬೇರೆಯದೇ ಕಡ್ಡಿ ಬಳಸಿ ಬೆಸೆಯಬೇಕು, ಇಲ್ಲದಿದ್ದರೆ ಪಕ್ಕದಲ್ಲೇ ಇನ್ನೊಂದು ಬಿರುಕು ಏಳುತ್ತದೆ. ಕೈ ಪಳಗಿದವರು ಸಿಗದಿದ್ದರೆ ಬೋಲ್ಟ್, ಪಟ್ಟಿ ಹಾಕಿ ಬಿಗಿಯುವುದೇ ವಾಸಿ.

ಬಣ್ಣ ಇರುವ ತನಕ ಬೀಡಿಗೆ ಸಾವಿಲ್ಲ ಎನ್ನಬಹುದು. ಅದನ್ನು ಕೊಲ್ಲುವುದು ನಿಂತ ನೀರು. ಹಳಬರು ರೇಲಿಂಗಿನ ಬುಡವನ್ನು ಕಲ್ಲಿನ ಕುಳಿಯಲ್ಲಿ ಕೂರಿಸಿ ಸೀಸ ಹೊಯ್ಯುತ್ತಿದ್ದರು, ಮಳೆನೀರು ಹರಿದುಹೋಗಲು ಇಳಿಜಾರು, ಸಣ್ಣ ತೂತುಗಳನ್ನು ಬಿಡುತ್ತಿದ್ದರು. ನಾವು ಟೈಲ್ಸ್ ಹಾಕಿಸಿ ಆ ತೂತುಗಳನ್ನು ಮುಚ್ಚಿದೆವು, ಬುಡದ ಸುತ್ತ ಸಿಮೆಂಟು ಮೆತ್ತಿದೆವು. ಸಿಮೆಂಟಿಗೂ ಕಬ್ಬಿಣಕ್ಕೂ ನಡುವೆ ಕೂದಲೆಳೆಯಷ್ಟು ಸಂದಿ ಬಿದ್ದರೂ ನೀರು ಒಳಗಿಳಿಯುತ್ತದೆ, ಹೊರಬರುವುದಿಲ್ಲ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಹಾಗೆ ಉಬ್ಬಿ ಉಬ್ಬಿ ಕಲ್ಲನ್ನೇ ಸೀಳುತ್ತದೆ. ಕಂಟ್ರಾಕ್ಟರ್ ಅಲ್ಲಾಡಿಸಿದಾಗ ಅಲ್ಲಾಡಿದ್ದು ಸೀಳಿದ ಕಲ್ಲು, ಕಬ್ಬಿಣವಲ್ಲ. ಅಂದರೆ ನಾವು ದುರಸ್ತಿ ಎಂದುಕೊಂಡು ಮಾಡಿದ್ದೇ ರೋಗವಾಗಿತ್ತು, ಶಿಕ್ಷೆ ಮಾತ್ರ ರೇಲಿಂಗಿಗೆ ಆಯಿತು.

ಹಾಗಂತ ಹಾಜಿ ಸಾಬ್ ಅವರ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಮುಂಬಯಿಯ ಕಾಲಾಘೋಡಾದಲ್ಲಿ ವಾಟ್ಸನ್ ಹೋಟೆಲ್ ಎಂಬ ಹಳೆಯ ಕಟ್ಟಡವಿದೆ, ಈಗಿನ ಹೆಸರು ಎಸ್ಪ್ಲನೇಡ್ ಮ್ಯಾನ್ಶನ್. 1860ರ ದಶಕದಲ್ಲಿ ಅದರ ಕಬ್ಬಿಣದ ಇಡೀ ಚೌಕಟ್ಟು ಇಂಗ್ಲೆಂಡಿನಲ್ಲಿ ತಯಾರಾಗಿ ಹಡಗೇರಿ ಬಂತು. ಒಂದು ಕಾಲದಲ್ಲಿ ಊರಿನ ಅತಿ ದೊಡ್ಡ ಹೋಟೆಲುಗಳಲ್ಲೊಂದು, 1896ರಲ್ಲಿ ಲೂಮಿಯೇರ್ ಸಹೋದರರ ಚಲನಚಿತ್ರಗಳು ಈ ದೇಶದಲ್ಲಿ ಮೊದಲು ಪ್ರದರ್ಶನಗೊಂಡದ್ದು ಅಲ್ಲೇ. ನಂತರ ಕೋಣೆಗಳನ್ನು ಸೀಳಿ ಸೀಳಿ ಬಾಡಿಗೆಗೆ ಕೊಟ್ಟರು. 2005ರ ಜುಲೈಯಲ್ಲಿ ಬಾಲ್ಕನಿಯ ಒಂದು ಭಾಗ ಕುಸಿದು ಒಬ್ಬರು ಸತ್ತರು. ಅಪಾಯದಲ್ಲಿರುವ ಜಗತ್ತಿನ ಸ್ಮಾರಕಗಳ 2006ರ ಪಟ್ಟಿಯಲ್ಲೂ ಅದರ ಹೆಸರಿತ್ತು. ನೋಡಿಕೊಳ್ಳದ ಬಾಲ್ಕನಿ ಜೀವ ತೆಗೆಯುತ್ತದೆ. ನಮ್ಮ ಮಕ್ಕಳ ಬಗ್ಗೆ ಹಾಜಿ ಸಾಬ್ ಹೆದರಿದ್ದು ಸರಿ, ಹೆದರಿದ ಮೇಲೆ ನಾವು ಮಾಡಿದ್ದು ತಪ್ಪು.

ಆ ಫೌಂಡ್ರಿಯಾದರೂ ಇದೆಯೇ, ಹೊಸದನ್ನು ತರಿಸಬಹುದೇ ಎಂದು ನೀವು ಕೇಳಬಹುದು. ಇಲ್ಲ. 1967ರಲ್ಲಿ ಅದು ಮುಚ್ಚಿತು. ಗ್ಲಾಸ್ಗೋದಲ್ಲಿ ಈಗ ಸ್ಯಾರಸೆನ್ ಎಂಬ ಬೀದಿಯ ಹೆಸರು ಉಳಿದಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ತಮ್ಮದೇ ಊರುಗಳ ಎಷ್ಟೋ ಮನೆ, ಉದ್ಯಾನಗಳ ರೇಲಿಂಗುಗಳನ್ನು ಕತ್ತರಿಸಿ ಗುಜರಿಗೆ ಹಾಕಿದ್ದರು. ಹಾಗಾಗಿ ಈ ವಿಷಯದಲ್ಲಿ ನಾವೊಬ್ಬರೇ ಅಲ್ಲ. ಇದು ಸಮಾಧಾನವೇನೂ ಅಲ್ಲ ಬಿಡಿ.

2019ರಲ್ಲಿ ಎರಡನೇ ಪರೀಕ್ಷೆ ಬಂತು. ಜಗಲಿಯನ್ನು ಮುಚ್ಚಿ ಇನ್ನೆರಡು ಅಂಗಡಿ ಮಾಡಿದರೆ ಬಾಡಿಗೆ ಹೆಚ್ಚುತ್ತದೆ ಎಂದು ಕಮಿಟಿಯ ಯುವಕರು ಪ್ರಸ್ತಾಪವಿಟ್ಟರು. ಕಂಬಗಳೂ ಬ್ರಾಕೆಟ್‌ಗಳೂ ಹೋಗಬೇಕಿತ್ತು. ಈ ಸಲ ನಾನು ಪೆನ್ನು ಕೆಳಗಿಟ್ಟು ಮಾತನಾಡಿದೆ. ಹಿದಾಯದ ವಿಧಿಯನ್ನು ಓದಿ ಹೇಳಿದೆ. ಒಬ್ಬರು ಎದ್ದು, "ಮೌಲ್ವಿ ಸಾಬ್, ಹೂಬಳ್ಳಿಯ ಅಲಂಕಾರಕ್ಕೆ ವಕ್ಫ್ ಹಣ ಸುರಿಯುವುದು ಇಸ್ರಾಫ್ ಅಲ್ಲವೇ? ಆ ಹಣದಲ್ಲಿ ನಾಲ್ಕು ಬಡ ಮಕ್ಕಳ ಫೀಸು ಕಟ್ಟಬಹುದಲ್ಲ?" ಎಂದರು. ಪ್ರಶ್ನೆ ಪ್ರಾಮಾಣಿಕವಾಗಿತ್ತು, ಅದನ್ನು ತಳ್ಳಿಹಾಕುವಂತಿರಲಿಲ್ಲ. ಮನೆ ಕಟ್ಟಿದ ವ್ಯಾಪಾರಿ ಅದನ್ನು ತರಿಸಿದ್ದು ಊರಿನವರಿಗೆ ತೋರಿಸಿಕೊಳ್ಳಲೂ ಇರಬಹುದು, ಆ ಲೆಕ್ಕ ಅಲ್ಲಾಹನಿಗೆ ಬಿಟ್ಟದ್ದು ಎಂದೆ. ಆದರೆ ಗಟ್ಟಿಯಾಗಿರುವುದನ್ನು 8,240 ರೂಪಾಯಿಗೆ ಮಾರಿ, 46,000 ರೂಪಾಯಿ ಕೊಟ್ಟು ಇನ್ನೊಂದನ್ನು ತಂದೆವಲ್ಲ, ಇಸ್ರಾಫ್ ಯಾವುದು ಎಂದು ಕೇಳಿದೆ. ಹಳೆಯ ನಡಾವಳಿ ಪುಸ್ತಕ ತೆರೆದು ನನ್ನದೇ ಸಹಿ ತೋರಿಸಿದೆ. ಮಾಡು ಹೊತ್ತ ಕಂಬ ತೆಗೆದರೆ ತೊಲೆ ಹಾಕಲು ಎಷ್ಟು ಬೇಕು ಎಂಬ ಅಂದಾಜು ಬಂದ ಮೇಲೆ ಯುವಕರ ಉತ್ಸಾಹವೂ ಇಳಿಯಿತು. ನಿಜ ಹೇಳಬೇಕೆಂದರೆ ನನ್ನ ಮಾತಿಗಿಂತ ಆ ಅಂದಾಜೇ ಹೆಚ್ಚು ಕೆಲಸ ಮಾಡಿತು.

ಆಮೇಲೆ ಕೆಲಸ ಶುರುವಾಯಿತು. ಚಾಚಾ ಅಷ್ಟರಲ್ಲಿ ತೀರಿಕೊಂಡಿದ್ದರು, ಅವರ ಮಗ ಬಂದ. ಹಳೆಯ ಬಣ್ಣದಲ್ಲಿ ಸೀಸವಿರುತ್ತದೆ, ಅದರ ಧೂಳು ಮಕ್ಕಳಿಗೆ ವಿಷ. ಹಾಗಾಗಿ ಮದ್ರಸಕ್ಕೆ ರಜೆ ಕೊಟ್ಟು, ಕೆಳಗೆ ಹಾಳೆ ಹಾಸಿ, ನೀರು ಚಿಮುಕಿಸುತ್ತಾ ಕೆರೆದೆವು. ತೇವ ಒರೆಸಿ ಪೂರ್ತಿ ಒಣಗಿಸಿ, ತಂತಿಯ ಬ್ರಷ್‌ನಿಂದ ತುಕ್ಕು ತೆಗೆದು ಅಂದೇ ಪ್ರೈಮರ್ ಹಚ್ಚಿದೆವು. ಬರಿಯ ಕಬ್ಬಿಣವನ್ನು ಒಂದು ರಾತ್ರಿ ಹಾಗೇ ಬಿಟ್ಟರೂ ಬೆಳಿಗ್ಗೆ ಕೆಂಪಗಾಗಿರುತ್ತದೆ. ಹಲವು ಪದರ ಬಣ್ಣ ಹೋದ ಮೇಲೆ ಬ್ರಾಕೆಟ್ಟಿನ ಎಲೆಗಳಲ್ಲಿ ನರಗಳು ಕಾಣಿಸಿದವು. ನಾವ್ಯಾರೂ ಅವನ್ನು ಹಿಂದೆ ಕಂಡಿರಲಿಲ್ಲ. ಕಂಬಗಳು ಒಳಗೆ ಪೊಳ್ಳು, ಮಾಳಿಗೆಯ ನೀರು ಅವುಗಳೊಳಗಿಂದಲೇ ಇಳಿಯುತ್ತದೆ ಎಂಬುದೂ ಆಗಲೇ ತಿಳಿದದ್ದು. ಒಂದರಲ್ಲಿ ಎಲೆ, ಕಸ, ಕ್ರಿಕೆಟ್ ಚೆಂಡು ಕಟ್ಟಿಕೊಂಡಿತ್ತು. ಈಗ ಮಳೆಗಾಲಕ್ಕೆ ಮುಂಚೆ ದೊಡ್ಡ ಹುಡುಗರು ಮಾಳಿಗೆ ಹತ್ತಿ ಬಾಯಿಗೆ ಕಟ್ಟಿದ ಜಾಲರಿ ತೊಳೆಯುತ್ತಾರೆ.

ಎಂಟು ಬ್ರಾಕೆಟ್‌ಗಳಲ್ಲಿ ಒಂದು ಲಾರಿ ತಗುಲಿ ಎಂದೋ ಒಡೆದುಹೋಗಿತ್ತು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಬೆಳಗಾವಿಯಲ್ಲಿದ್ದಾನೆ. ಅಲ್ಲಿ ಫೌಂಡ್ರಿಗಳು ಬಹಳ. ಗಟ್ಟಿಯಿರುವ ಒಂದನ್ನು ಬಿಚ್ಚಿ ಮಾದರಿಯಾಗಿ ಅವನಿಗೆ ಕಳುಹಿಸಿದೆವು. ಹೊಸದು ಬಂತು, ಹೂಬೇಹೂಬು ಅದರಂತೆಯೇ, ಆದರೆ ಕಾಲು ಅಂಗುಲ ಚಿಕ್ಕದು. ಕರಗಿದ ಬೀಡು ತಣಿಯುವಾಗ ನೂರಕ್ಕೆ ಒಂದು ಪಾಲಿನಷ್ಟು ಕುಗ್ಗುತ್ತದಂತೆ. ಅದಕ್ಕಾಗಿ ಮಾದರಿಯನ್ನೇ ಅಷ್ಟು ದೊಡ್ಡದಾಗಿ ಮಾಡಬೇಕಿತ್ತು. ನಾವು ಹೇಳಲಿಲ್ಲ, ಅವರು ಕೇಳಲಿಲ್ಲ. ಸೀಸದ ಬಿಲ್ಲೆ ಕೊಟ್ಟು ಕೂರಿಸಿದೆವು. ಎಡದಿಂದ ಮೂರನೆಯದು. ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ.

ಪವಿತ್ರ ಕುರ್‌ಆನಿನ ಐವತ್ತೇಳನೇ ಅಧ್ಯಾಯದ ಹೆಸರು ಅಲ್ ಹದೀದ್, ಅಂದರೆ ಕಬ್ಬಿಣ. ದಾವೂದ್(ಅ)ರಿಗೆ ಅಲ್ಲಾಹನು ಕಬ್ಬಿಣವನ್ನು ಮೃದುಗೊಳಿಸಿಕೊಟ್ಟ ವಿಷಯವನ್ನು ನಾನು ಮಕ್ಕಳಿಗೆ ಈಗ ಆ ಕಂಬದ ಬಳಿಯೇ ಹೇಳುತ್ತೇನೆ. ಅವರು ಕೈಯಿಂದ ಕಂಬ ಒತ್ತಿ ನೋಡಿ ನಗುತ್ತಾರೆ.

ಕಳೆದ ವರ್ಷ ಬೇರೆ ಮೊಹಲ್ಲಾದ ಒಂದು ಮನೆಗೆ ನಿಕಾಹ್‌ನ ಮಾತುಕತೆಗೆಂದು ಹೋಗಿದ್ದೆ. ಪಕ್ಕದ ಮನೆಯ ಮುಂದಿನ ಪುಟ್ಟ ಕಾಂಪೌಂಡಿನಲ್ಲಿ, ಇಟ್ಟಿಗೆಯ ಎರಡು ಕಂಬಗಳ ನಡುವೆ, ಎಂಟು ಎಸಳಿನ ಹೂವು. ಎರಡು ತುಂಡುಗಳು, ಪಚ್ಚೆ ಬಣ್ಣ ಹಚ್ಚಿ ಅಚ್ಚುಕಟ್ಟಾಗಿ ಇಟ್ಟಿದ್ದರು. ನಾನು ನಿಂತು ನೋಡುತ್ತಿರುವುದನ್ನು ಕಂಡು ಮನೆಯ ಯಜಮಾನರು ಹೊರಬಂದರು. "ಚೆನ್ನಾಗಿದೆ ಅಲ್ಲವಾ ಮೌಲ್ವಿ ಸಾಬ್? ಗುಜರಿಯಲ್ಲಿ ಸಿಕ್ಕಿತು. ಇಂತಹದನ್ನೂ ಮಾರುತ್ತಾರೆ ನೋಡಿ ಜನ" ಎಂದರು. ಕೊಡುತ್ತೀರಾ ಎಂದು ಕೇಳುವ ಮಾತು ಬಾಯಿಯ ತನಕ ಬಂದಿತ್ತು. ಅವರ ಮೊಮ್ಮಗಳು ಅದರ ಸಂದಿಯಲ್ಲಿ ಕಾಲು ತೂರಿಸಿ ಕುಳಿತಿದ್ದಳು. ನಾನು ಬಗ್ಗಿ ಬುಡ ನೋಡಿದೆ. ಸುತ್ತ ಸಿಮೆಂಟು ಮೆತ್ತಿದ್ದರು, ಅದರಲ್ಲಿ ಹಿಂದಿನ ರಾತ್ರಿಯ ಮಳೆನೀರು ನಿಂತಿತ್ತು. ಇದನ್ನು ಒಡೆಸಿ ನೀರು ಹೋಗಲು ದಾರಿ ಮಾಡಿಸಿ ಎಂದು ತೋರಿಸಿಕೊಟ್ಟೆ. ಅವರು ಒಳಗೆ ಹೋಗಿ ಉಳಿ, ಸುತ್ತಿಗೆ ತಂದರು. ಮಾತುಕತೆಯವರು ಆಚೆ ಮನೆಯಿಂದ ನನ್ನನ್ನು ಕೂಗುತ್ತಿದ್ದರು.